ಬಳೆ ಅಳತೆಯ ಕಲ್ಲು

ಆ ಕಲ್ಲಿನೊಳಗೆ ಕೈ ಹಾಕಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಕೈ ಹಾಕಲೆಂದೇ ಮಾಡುತ್ತಿದ್ದ ಕಲ್ಲು ಅದು.

ಮಾಡಿಸುತ್ತಿದ್ದವರು ಶಿವಮೊಗ್ಗದ ಒಬ್ಬ ಹೆರಿಗೆ ಡಾಕ್ಟರು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಒಂದು ದಿನ ಭದ್ರಾವತಿಯ ನನ್ನ ಶೆಡ್ಡು ಹುಡುಕಿಕೊಂಡು ಬಂದರು. ನನ್ನ ಶೆಡ್ಡಿಗೆ ಬರುವವರು ಕೇಳುವುದು ಗಣಪತಿ, ಬಸವಣ್ಣ, ನಾಗರಕಲ್ಲು. ತಪ್ಪಿದರೆ ಗೇಟಿನ ಮೇಲೆ ಕೂರಿಸಲು ಎರಡು ಸಿಂಹ. ಈಯಮ್ಮ ಒಂದು ಸುತ್ತು ಹಾಕಿ, ಅರ್ಧ ಮುಗಿದಿದ್ದ ಬಸವಣ್ಣನ ಬೆನ್ನು ಸವರಿ, ನಾನು ಬಾಯಿ ಬಿಡುವ ಮುಂಚೆಯೇ ಹೇಳಿಬಿಟ್ಟರು.

"ದೇವರು ಬೇಡಮ್ಮ. ನನ್ನ ದೇವರು ಕೊರಳಲ್ಲೇ ಇದಾನೆ. ತಾಯಿ-ಮಗು ಅಂತೂ ಬೇಡವೇ ಬೇಡ. ಕ್ಲಿನಿಕ್ ಗೋಡೆ ತುಂಬ ಅವೇ ಇದ್ವು, ಔಷಧಿ ಕಂಪನಿಯವರು ಕೊಟ್ಟಿದ್ದು. ನಂಗೆ ಏನೂ ಅಲ್ಲದ್ದು ಮಾಡಿಕೊಡು."

"ಏನೂ ಅಲ್ಲದ್ದು ಅಂದ್ರೆ ಏನು ಮೇಡಂ?"

"ಬಿಳೀ ಕಲ್ಲು. ಅದ್ರಲ್ಲಿ ಕೈ ಹಾಕೋಕೆ ಒಂದು ಜಾಗ. ಒಳಗೆ ನುಣ್ಣಗಿರಬೇಕು, ಬೆರಳಿಗೆ ಒಂದೇ ಒಂದು ತರಿ ಸಿಗಬಾರದು. ಹೊರಗೆ ಹೆಂಗಾದ್ರೂ ಮಾಡು, ಅದು ನಿನ್ನಿಷ್ಟ. ಕಿಟಕಿ ಪಕ್ಕ ಇಟ್ಕೊಂಡು ಕೂತ್ಕೋತೀನಿ."

ಹೊರಗೆ ನಿನ್ನಿಷ್ಟ! ಇಷ್ಟು ವರ್ಷದಲ್ಲಿ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ದೇವರಿಗೆ ಶಾಸ್ತ್ರದ ಅಳತೆ, ಸಿಂಹಕ್ಕೆ ಗೇಟಿನ ಅಳತೆ. ಟೀ ತರಿಸಿದೆ. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ನೋಡಿದೆ, ಆದರೆ ಯಾಕೆ ಎಂದು ಯೋಚಿಸಲಿಲ್ಲ. ನನ್ನ ತಲೆ ಆಗಲೇ ಕಲ್ಲಿನೊಳಗೆ ಹೊಕ್ಕಾಗಿತ್ತು.

"ನಿಮ್ಮ ಕೈ ಅಳತೆ ಬೇಕಲ್ಲ?" ಎಂದೆ.

"ಒಂದು ಬಳೆ ಕಳಿಸ್ತೀನಿ ಬಿಡು."

ಸರಿ ಎಂದೆ. ಯಾರಿಗಾದರೂ ಬಳೆ ತರಬೇಕೆಂದರೆ ಅವರದ್ದೊಂದು ಹಳೇ ಬಳೆ ಇಸಕೊಂಡು ಅಂಗಡಿಗೆ ಹೋಗುವುದು ನಮ್ಮ ಕಡೆ ನಡೆದುಬಂದದ್ದು. ಕೈ ಅಳತೆ ಅಂದರೆ ಬಳೆ ಅಳತೆ. ಇಬ್ಬರಿಗೂ ಬೇರೆ ಯೋಚನೆಯೇ ಬರಲಿಲ್ಲ. ವಾರದೊಳಗೆ ಡ್ರೈವರ್ ಕೈಯಲ್ಲಿ ಸಣ್ಣ ಡಬ್ಬಿಯೊಂದು ಬಂತು. ಒಳಗೆ ಹತ್ತಿಯ ಮಧ್ಯೆ ತೆಳ್ಳನೆಯ ಒಂದು ಚಿನ್ನದ ಬಳೆ. ಅದರ ಅಂಚನ್ನು ಕಾಗದದ ಮೇಲೆ ಗೀಚಿಕೊಂಡು, ಬಳೆಯನ್ನು ಅದೇ ಡ್ರೈವರ್ ಕೈಯಲ್ಲಿ ವಾಪಸು ಕಳಿಸಿದೆ.

ಕಲ್ಲು ರಾಜಸ್ಥಾನದ್ದು. ಶಿವಮೊಗ್ಗದ ಟೈಲ್ಸ್ ವ್ಯಾಪಾರಿಯೊಬ್ಬರು ತಮ್ಮ ಲಾರಿ ಲೋಡಿನ ಜತೆ ತರಿಸಿಕೊಟ್ಟರು. ಭತ್ತದ ಮೂಟೆ ನಿಲ್ಲಿಸಿದಷ್ಟು ಎತ್ತರ, ಮೂಟೆಗಿಂತ ಎಷ್ಟೋ ಭಾರ. ಇಳಿಸುವಾಗ ಚೈನ್ ಬ್ಲಾಕ್ ಬೇಕಾಯಿತು. ಮರದ ದಿಮ್ಮಿಗಳ ಪೀಠದ ಮೇಲೆ ಅದನ್ನು ಕೂರಿಸಿದ ಮೇಲೆ ಅದು ಅಲ್ಲಾಡಲಿಲ್ಲ. ನಾನೇ ಅದರ ಸುತ್ತ ತಿರುಗಿದೆ.

ಮೊದಲ ಪೆಟ್ಟು ತಿಂದದ್ದು ಕಲ್ಲಲ್ಲ, ನಾನು. ನನ್ನ ಕೈ ಪಳಗಿದ್ದು ಕೃಷ್ಣಶಿಲೆಯಲ್ಲಿ. ಆ ಕಪ್ಪು ಕಲ್ಲಿಗೆ ಉಳಿಯನ್ನು ನೆಟ್ಟಗೆ ಹಿಡಿದು ಹೊಡೆದರೂ ಅದು ಸಹಿಸಿಕೊಳ್ಳುತ್ತದೆ. ಅಮೃತಶಿಲೆ ಹಾಗಲ್ಲ. ನೆಟ್ಟಗೆ ಏಟು ಬಿದ್ದರೆ ಒಳಗೇ ಕಂದುತ್ತದೆ, ಮೇಲೆ ಏನೂ ಕಾಣುವುದಿಲ್ಲ. ತಿಂಗಳುಗಟ್ಟಲೆ ಕೆತ್ತಿ, ಉಜ್ಜಿ, ಹೊಳಪು ಬರುವ ಹೊತ್ತಿಗೆ ಸುಣ್ಣದ ಬೊಟ್ಟಿನ ಹಾಗೆ ಬೆಳ್ಳನೆಯ ಕಲೆಗಳು ಒಂದೊಂದಾಗಿ ಮೇಲೆದ್ದವು. ಎಲ್ಲಿ? ಹೋಗಿ ಹೋಗಿ ಕೈ ಹಾಕುವ ಬಾಯಿಯ ಸುತ್ತಲೇ. ನನ್ನ ಕೈಗೆ ನಾನೇ ಬೈದುಕೊಂಡು, ಕಲೆ ಹೋಗುವವರೆಗೆ ಇಳಿಸುತ್ತಾ ಹೋದೆ. ಇಳಿಸಿದಂತೆಲ್ಲ ಕಲ್ಲು ತೆಳ್ಳಗಾಯಿತು. ಕೊನೆಗೆ ಬಾಯಿಯ ತುಟಿ ಎಷ್ಟು ತೆಳುವಾಯಿತೆಂದರೆ ಕಿಟಕಿಯ ಬಿಸಿಲು ಅದರೊಳಗೆ ಹಾದು ಕೆನೆಬಣ್ಣ ಕಾಣತೊಡಗಿತು.

ಅದು ನಾನು ಬೇಕೆಂದು ಮಾಡಿದ್ದಲ್ಲ. ಆದರೆ ಅಯ್ಯೋ, ಎಷ್ಟು ಚೆನ್ನಾಗಿತ್ತು! ಬುಡದಲ್ಲಿ ಅಗಲವಾಗಿ ಹೊರಟ ಗೆರೆಯೊಂದು, ಒಂದು ಬದಿಗೆ ವಾಲಿ, ಭುಜದ ಹಾಗೆ ಎದ್ದು, ಎಲ್ಲೂ ತುಂಡಾಗದೆ ಆ ತುಟಿಯವರೆಗೆ ಬಂದು ಮುಗಿಯುತ್ತಿತ್ತು. ನನ್ನ ಕೈಯಿಂದ ಅಂಥ ಗೆರೆ ಅದಕ್ಕೆ ಮುಂಚೆ ಬಂದಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೊದಲು ಅದನ್ನೇ ನೋಡುತ್ತಿದ್ದೆ.

ಬಾಯಿ ದುಂಡಗಿರಲಿಲ್ಲ, ಓರೆಯಾಗಿ ಉದ್ದಕ್ಕಿತ್ತು. ಅದರ ಅಗಲ ಡಾಕ್ಟರ ಬಳೆಯ ಅಗಲ. ಒಳಗೆ ಹೋದರೆ ಕೊಡದ ಹಾಗೆ ವಿಶಾಲ. ಹಿಂಬದಿಯಲ್ಲಿ ಬೆಳಕಿಗೆಂದು ಹುಂಡಿಯ ಬಾಯಿಯಂಥ ಒಂದು ಉದ್ದ ಕಿಂಡಿ. ಒಳಗನ್ನು ಡ್ರಿಲ್ಲಿನಿಂದ ತೂತು ತೂತು ಮಾಡಿ, ನಡುವಿನ ಗೋಡೆಗಳನ್ನು ಸಣ್ಣ ಉಳಿಯಿಂದ ಒಡೆದು ತೆಗೆದು, ಬಾಗಿದ ಅರಗಳಿಂದ ತೀಡಿದ್ದೆ. ಕೊನೆಯ ಹೊಳಪಿಗೆ ಮಾತ್ರ ಬರಿಗೈಯೇ ಬೇಕು. ಹಳೇ ಹವಾಯಿ ಚಪ್ಪಲಿಯ ತುಂಡಿಗೆ ವಾಟರ್ ಪೇಪರ್ ಎನ್ನುವ ಮರಳುಕಾಗದ ಸುತ್ತಿ, ನೀರಲ್ಲಿ ಅದ್ದಿ, ಕೈ ಒಳಗಿಟ್ಟು ಉಜ್ಜುವುದು. ನನ್ನ ಕೈ ದಪ್ಪ. ಬಳೆಗಾರನ ಮುಂದೆ ಮಡಚುವಂತೆ ಹೆಬ್ಬೆರಳನ್ನು ಅಂಗೈಗೆ ಒತ್ತಿ ಮಡಚಿದರೆ ಹೇಗೋ ಹೋಗುತ್ತಿತ್ತು, ಹಾಗೆಯೇ ಬರುತ್ತಿತ್ತು.

ಈ ನಡುವೆ ಡಾಕ್ಟರು ಒಮ್ಮೆ ನೋಡಲು ಬಂದಿದ್ದರು. ಸುತ್ತ ನೋಡಿ, "ಬಾಯಿ ಸ್ವಲ್ಪ ಚಿಕ್ಕದಾಯ್ತಾ?" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ಮ ಬಳೆ ಅಳತೆಗೇ ಮಾಡಿದ್ದು ಮೇಡಂ. ಇನ್ನು ಅಗಲ ಮಾಡಿದ್ರೆ ತುಟಿ ಹೋಗುತ್ತೆ. ತುಟಿ ಹೋದ್ರೆ ಗೆರೆ ಹೋಯ್ತು, ಗೆರೆ ಹೋದ್ಮೇಲೆ ಏನಿದೆ ಇದ್ರಲ್ಲಿ, ಒರಳುಕಲ್ಲು!"

"ಹಾಗಲ್ಲಮ್ಮ, ಸುಮ್ನೆ ಕೇಳ್ದೆ" ಎಂದು ಅವರು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಹೊರಟುಹೋದರು. ಕೈ ಹಾಕಿ ನೋಡಲಿಲ್ಲ. ಹಾಕಿ ನೋಡಿ ಎಂದು ನಾನೂ ಹೇಳಲಿಲ್ಲ.

ಆಮೇಲೆ ಬಂದದ್ದು ನನ್ನ ತಂಗಿಯ ಸೀಮಂತ. ಅವಳು ಹೊಳಲೂರಿನಲ್ಲಿ ಇರುತ್ತಾಳೆ. ಹಿಂದೆ ಎರಡು ಸಲ ಬಸುರಾಗಿ ನಿಂತಿರಲಿಲ್ಲ. ಈ ಸಲ ಏಳು ತುಂಬಿತ್ತು. ಮನೆಯಲ್ಲಿ ಎಲ್ಲರೂ ಜೋರಾಗಿ ನಗುವುದಕ್ಕೂ ಹೆದರುತ್ತಿದ್ದರು. ಬಳೆಗಾರ ಅವಳಿಗೆ ಹಸಿರು ಬಳೆ ಇಟ್ಟ ಮೇಲೆ ಬಂದ ಹೆಂಗಸರಿಗೆಲ್ಲ ಇಡತೊಡಗಿದ. ನಾನು ಕೆಲಸದ ಕೈಗೆ ಬಳೆ ಹಾಕುವವಳಲ್ಲ. ಮೆಲ್ಲಗೆ ಹಿಂದೆ ಸರಿದೆ. ತಂಗಿ ಕೂತಲ್ಲಿಂದಲೇ ನನ್ನ ಬಲಗೈ ಹಿಡಿದೆಳೆದಳು.

"ಅಕ್ಕಾ, ಐದೇ ಐದು ಹಾಕ್ಕೋ. ಹೆರಿಗೆ ಆಗೋವರೆಗೂ ತೆಗೀಬೇಡ. ಒಡೆದುಕೊಂಡು ಬಂದ್ರೆ ನೋಡು ಮತ್ತೆ!"

ನಗುತ್ತಲೇ ಹೇಳಿದಳು. ಆದರೆ ಅವಳ ಅಂಗೈ ತಣ್ಣಗಿತ್ತು. ಆಯ್ತು ಮಾರಾಯ್ತಿ ಎಂದು ಮಾತು ಕೊಟ್ಟೆ. ನನಗೆ ಈ ಶಕುನ ಗಿಕುನದಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಅವಳಿಗೆ ಇತ್ತು, ನನಗೆ ಅಷ್ಟು ಸಾಕಿತ್ತು.

ಮರುದಿನ ಮಧ್ಯಾಹ್ನ ಭದ್ರಾವತಿಯಲ್ಲಿ ಕೆಲಸಕ್ಕೆ ಕೂತೆ. ಒಳಗಿನ ಹೊಳಪಿನದು ಕೊನೆಯ ಪಾಲು ಉಳಿದಿತ್ತು. ನನ್ನ ಶೆಡ್ಡು ಕಾರ್ಖಾನೆ ಕಡೆಯ ಹಳೇ ಕ್ವಾರ್ಟರ್ಸ್ ಸಾಲಿನ ಕೊನೆಗಿದೆ. ಪಕ್ಕದ ಮನೆಯವಳು ರಾತ್ರಿ ಡ್ಯೂಟಿಯ ನರ್ಸು. ನಮ್ಮಿಬ್ಬರಿಗೂ ಒಂದೇ ಗೋಡೆ, ಆ ಗೋಡೆಯ ಮೇಲೆ ಜಗಳವಾಡಿ ಜಗಳವಾಡಿ ಕೊನೆಗೊಂದು ಒಪ್ಪಂದ ಮಾಡಿಕೊಂಡಿದ್ದೆವು: ಊಟವಾದ ಮೇಲಿಂದ ಟೀ ಹೊತ್ತಿನವರೆಗೆ ಅವಳ ನಿದ್ದೆ, ನನ್ನ ಸುತ್ತಿಗೆಗೆ ರಜಾ. ಉಜ್ಜುವ ಕೆಲಸಕ್ಕೆ ಸದ್ದಿಲ್ಲ, ಅದಕ್ಕೇ ಅದನ್ನು ಆ ಹೊತ್ತಿಗೆ ಇಟ್ಟುಕೊಳ್ಳುತ್ತಿದ್ದೆ. ಬೀದಿನಾಯಿ ನುಗ್ಗದಿರಲೆಂದು ಬಾಗಿಲಿಗೆ ಒಳಗಿಂದ ಚಿಲಕ ಹಾಕಿದೆ. ಫೋನ್ ಕಿಟಕಿ ಹತ್ತಿರ ಚಾರ್ಜಿಗಿತ್ತು. ಪೇಪರ್ ಅದ್ದಿ, ಕೈ ಮಡಚಿ ಒಳಗಿಟ್ಟೆ.

ಬಳೆಗಳ ನೆನಪೇ ಆಗಲಿಲ್ಲ. ಅವು ಓರೆ ಬಾಯಿಯಲ್ಲಿ ಒಂದರ ಹಿಂದೊಂದು ವಾಲಿಕೊಂಡು ಸದ್ದಿಲ್ಲದೆ ನನ್ನ ಜತೆ ಒಳಗೆ ಹೋಗಿಬಿಟ್ಟವು. ತುಂಬ ಹೊತ್ತು ಉಜ್ಜಿದೆ. ಸಾಕೆನಿಸಿ ಕೈ ಎಳೆದೆ, ಬರಲಿಲ್ಲ. ಮತ್ತೆ ಎಳೆದೆ. ಒಳಗೆ ಐದೂ ಬಳೆ ಒಟ್ಟಾಗಿ ನೆಟ್ಟಗೆ ನಿಂತು, ಬಾಯಿಗೆ ಅಡ್ಡ ಬಿದ್ದು, ಹೆಬ್ಬೆರಳ ಬುಡಕ್ಕೆ ಕಚ್ಚಿಕೊಂಡವು.

ಮೊದಲು ನಗು ಬಂತು. ಸ್ವಲ್ಪ ಹೊತ್ತಿಗೆ ನಗು ನಿಂತಿತು.

ಗಾಜು ಅಮೃತಶಿಲೆಗಿಂತ ಗಟ್ಟಿ. ಬಾಟಲಿ ಚೂರಿನಲ್ಲಿ ಗೀಚಿದರೆ ಈ ಕಲ್ಲಿಗೆ ಗೀರು ಬೀಳುತ್ತದೆ. ಜೋರಾಗಿ ಎಳೆದರೆ ಬಳೆ ಒಡೆಯುತ್ತದೆ. ಒಡೆದರೆ ಚೂರು ಒಳಗಿನ ಹೊಳಪನ್ನೆಲ್ಲ ಕೀರುತ್ತದೆ, ಮಣಿಕಟ್ಟನ್ನೂ ಕುಯ್ಯುತ್ತದೆ. ಹೊಸದಾಗಿ ಉಜ್ಜಿದ ಬಿಳೀ ಕಲ್ಲು ರಕ್ತ ಕುಡಿದರೆ ಆ ಕಲೆ ಜನ್ಮಕ್ಕೂ ಹೋಗುವುದಿಲ್ಲ. ಮತ್ತೆ ತಂಗಿಯ ತಣ್ಣನೆಯ ಅಂಗೈ. ಕಲ್ಲು ಒಡೆಯೋಣವೆಂದರೆ, ಆ ತುಟಿ, ಆ ಗೆರೆ! ಕೈ, ಕಲ್ಲು, ಬಳೆ; ಮೂರರಲ್ಲಿ ಒಂದನ್ನು ಬಿಟ್ಟುಕೊಟ್ಟರೆ ಉಳಿದೆರಡು ಹೊರಗೆ ಬರುತ್ತವೆ. ನನಗೆ ಮೂರೂ ಬೇಕಿತ್ತು.

ಪೀಠ ಎತ್ತರವೂ ಅಲ್ಲ, ತಗ್ಗೂ ಅಲ್ಲ. ಕೂರಲು ಹೋದರೆ ತೋಳು ಜಗ್ಗುತ್ತಿತ್ತು, ನಿಂತರೆ ಬೆನ್ನು. ಅರ್ಧ ಬಗ್ಗಿ, ಕೆನ್ನೆಯನ್ನು ಕಲ್ಲಿಗೆ ಆನಿಸಿ ನಿಂತೆ. ಫೋನ್ ಕಣ್ಣಿಗೆ ಕಾಣುತ್ತಿತ್ತು. ಕಾಲು ಚಾಚಿದೆ, ಚಪ್ಪಲಿ ಎಸೆದೆ, ಅದು ಹೋಗಿ ಬಸವಣ್ಣನ ಬೆನ್ನಿಗೆ ಬಿತ್ತು. ತಪ್ಪಾಯ್ತಪ್ಪಾ ಎಂದೆ.

ಎಡಗೈಗೆ ಸುತ್ತಿಗೆ ಸಿಕ್ಕಿತು. ಒಪ್ಪಂದ ಹಾಳಾಗಿ ಹೋಗಲಿ ಎಂದು ಗೋಡೆ ಪಕ್ಕದ ಕಬ್ಬಿಣದ ಡ್ರಮ್ಮಿಗೆ ಬಡಿಯತೊಡಗಿದೆ. ಬಡಿದೆ, ಕೂಗಿದೆ. ಆ ಕಡೆಯಿಂದ ನರ್ಸು ಗೋಡೆಗೆ ಲಟ್ಟಣಿಗೆಯಲ್ಲೋ ಏತರಲ್ಲೋ ಧಡಧಡ ಗುದ್ದಿದಳು. ನಾನು ಇನ್ನೂ ಜೋರಾಗಿ ಬಡಿದೆ. ಅವಳು ಟೀವಿ ಹಾಕಿ ತಮಿಳು ಧಾರಾವಾಹಿಯ ಅಳುವನ್ನು ಪೂರ್ತಿ ಏರಿಸಿಬಿಟ್ಟಳು. ಹೊರಗೆ ಯಾರದೋ ಚಪ್ಪಲಿ ಸದ್ದು ಬಾಗಿಲವರೆಗೆ ಬಂತು. "ಒಳಗೆ ಕೆಲ್ಸ ನಡೀತಾ ಇದೆ, ಆಮೇಲೆ ಬರೋಣ ಬಾ" ಎಂದು ಗಂಡಸೊಬ್ಬ ಇನ್ನೊಬ್ಬನಿಗೆ ಹೇಳಿದ್ದು ಕೇಳಿತು. ಎಲಾ ಇವರಾ! ಕಲ್ಲುಕುಟಿಗರು ಸುತ್ತಿಗೆ ಬಡಿದರೆ ಯಾರು ತಾನೇ ಕಷ್ಟ ಅಂದುಕೊಳ್ಳುತ್ತಾರೆ? ಊರೆಲ್ಲ ನನ್ನನ್ನು ಕೇಳಿಸಿಕೊಳ್ಳುತ್ತಿತ್ತು, ಒಬ್ಬರೂ ಬರುತ್ತಿರಲಿಲ್ಲ.

ಎಡಗೈ ಸೋತಿತು. ಸುತ್ತಿಗೆ ಕೆಳಗಿಟ್ಟೆ. ಬಲಗೈ ಭಾರವಾಗುತ್ತಾ, ಬಿಸಿಯಾಗುತ್ತಾ, ನನ್ನದಲ್ಲದ ಯಾವುದೋ ಸಾಮಾನಿನಂತೆ ಆಗುತ್ತಾ ಬಂತು. ಆಗ ನಿಜವಾಗಿ ಹೆದರಿದೆ. ಈ ಕೈ ಹೋದರೆ ನನಗೆ ಬೇರೆ ಕಸುಬು ಗೊತ್ತಿಲ್ಲ. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡರೆ ಎಡಗೈಯ ಕಲ್ಲುಪುಡಿ ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು. ಮೂತ್ರದ ಅವಸರ ಬೇರೆ. ಬೀದಿಯಲ್ಲಿ ಸಿಲಿಂಡರ್ ಗಾಡಿ ಬಂದು ಹೋಯಿತು, ಶಾಲೆ ಬಿಟ್ಟ ಮಕ್ಕಳ ಗಲಾಟೆ ಬಂದು ಹೋಯಿತು. ನಾನು ನನ್ನದೇ ಕಲ್ಲಿಗೆ ಕಟ್ಟಿಹಾಕಿದ ದನದ ಹಾಗೆ ನಿಂತಿದ್ದೆ.

ಎಷ್ಟೋ ಹೊತ್ತಿನ ಮೇಲೆ ಬಾಗಿಲ ತಗಡು ದಡಬಡ ಎಂದಿತು.

"ಏನಕ್ಕಾ ನಿನ್ ಕತೆ! ಮಲಗೋ ಟೈಮಲ್ಲಿ ಬಡೀತೀಯಾ, ಎದ್ದೇಳೋ ಟೈಮಲ್ಲಿ ಸುಮ್ನಿರ್ತೀಯಾ! ನಿನ್ ಸುತ್ತಿಗೆ ಸದ್ದಿಗೇ ನಾನ್ ಏಳೋದು, ಗೊತ್ತಿಲ್ವಾ? ಡ್ಯೂಟಿಗೆ ಲೇಟಾಯ್ತು!"

ನರ್ಸು! ಟೀ ಹೊತ್ತಿಗೆ ಶುರುವಾಗುವ ನನ್ನ ಬಡಿತವನ್ನೇ ಅವಳು ಅಲಾರಂ ಮಾಡಿಕೊಂಡಿದ್ದಳು. ಇಷ್ಟು ದಿನ ಜಗಳವಾಡಿದವಳು ಇದನ್ನು ಮಾತ್ರ ಹೇಳಿರಲಿಲ್ಲ.

"ಕೈ ಸಿಕ್ಕಾಕ್ಕೊಂಡಿದೆ ಕಣೇ, ಕಲ್ಲೊಳಗೆ! ಕಿಟಕೀಲಿ ಕೋಲು ಹಾಕಿ ಚಿಲಕ ಎತ್ತು!"

ಅವಳು ಕಿಟಕಿಯಲ್ಲಿ ಮುಖವಿಟ್ಟು ನೋಡಿ, "ಅಯ್ಯಯ್ಯೋ ಕಡವುಳೇ" ಎಂದು ತಮಿಳಿನಲ್ಲಿ ದೇವರನ್ನು ಕರೆದು, ಪೊರಕೆಯ ಹಿಡಿಯಿಂದ ಚಿಲಕ ಎಬ್ಬಿಸಿ ಒಳಗೆ ಬಂದಳು. ಬಂದವಳೇ ಹಿಂದಿನ ಕಿಂಡಿಗೆ ಫೋನಿನ ಟಾರ್ಚ್ ಹಿಡಿದು ನನ್ನ ಬೆರಳು ನೋಡಿದಳು. ಅವಳ ಬೈಗುಳ ನಿಂತಿತು.

"ಬೆರಳು ನೀಲಿ ತಿರುಗ್ತಾ ಇದೆ ಅಕ್ಕಾ. ಇರು, ಕೊಬ್ಬರಿ ಎಣ್ಣೆ ತರ್ತೀನಿ."

"ಎಣ್ಣೆ ಬೇಡ! ಎಣ್ಣೆ ಕುಡಿದ್ರೆ ಕಲ್ಲು ಹಳದಿ ಆಗುತ್ತೆ. ಸೋಪು ತಗೊಂಡ್ಬಾ."

"ಎಣ್ಣೆ ಬೇಡ್ವಂತೆ! ಕೈ ಹೋಗ್ತಾ ಇದೆ, ಕಲ್ಲಿನ ಬಣ್ಣ ನೋಡ್ತಾಳೆ ಇವಳು."

ಸೋಪಿನ ನೊರೆ ಬಿಟ್ಟೆವು. ಕೈ ಜಾರಿತು, ಬಳೆ ಜಾರಲಿಲ್ಲ. "ಬಳೆ ಒಡೆದ್ಬಿಡು" ಎಂದಳು. ಸೀಮಂತದ್ದು, ತಂಗಿಯದು ಎಂದೆ. ಅವಳು ಸೋಪು ಕೆಳಗಿಟ್ಟಳು. ಆಮೇಲೆ ನೆಲದ ಮೇಲಿದ್ದ ಸುತ್ತಿಗೆ ಎತ್ತಿಕೊಂಡಳು.

"ಹಾಗಾದ್ರೆ ಕಲ್ಲು."

"ಬೇಡ್ವೇ! ಅದು ನಂದಲ್ಲ, ಶಿವಮೊಗ್ಗದ ಡಾಕ್ಟ್ರದ್ದು. ಅವರನ್ನ ಕೇಳದೆ ಮುಟ್ಟಬೇಡ."

ಹೊತ್ತು ಕಳೆಯಲು ಸಿಕ್ಕಿದ ನೆವ ಅದು, ಅವಳಿಗೂ ಗೊತ್ತಾಯಿತು. ಆದರೂ ನನ್ನ ಫೋನಿನಿಂದಲೇ ಅವರಿಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದಳು. ಎಲ್ಲ ಕೇಳಿಸಿಕೊಂಡು ಡಾಕ್ಟರು, "ಕಲ್ಲು ಹೋದ್ರೆ ಹೋಗ್ಲಿ, ಒಡೆದು ಹಾಕಿ" ಎಂದರು. ನಾನು ಬೇಡ ಎಂದು ಕಿರುಚಿದ್ದು ಅವರಿಗೂ ಕೇಳಿರಬೇಕು. "ಬೆರಳು ಅಲ್ಲಾಡಿಸ್ತಾಳಾ?" ಎಂದು ನರ್ಸನ್ನು ಕೇಳಿದರು. ಅಲ್ಲಾಡಿಸಿದೆ. "ಸರಿ. ನಾನು ಹೊರಟೆ. ಬರೋವರೆಗೆ ಯಾರೂ ಏನೂ ಒಡೀಬೇಡಿ. ಎಳೀಲೂ ಬೇಡಿ. ಬೆರಳು ಇನ್ನೂ ಕಪ್ಪಾದ್ರೆ ಮಾತ್ರ ಕಾಯ್ಬೇಡ, ಸುತ್ತಿಗೆ ತಗೋ."

ಶಿವಮೊಗ್ಗದಿಂದ ಭದ್ರಾವತಿ ಏನು ದೂರ? ನಾನು ವಾರಕ್ಕೆರಡು ಸಲ ಬಸ್ಸಿನಲ್ಲಿ ತೂಕಡಿಸುತ್ತಾ ಬರುವ ದಾರಿ. ಅವತ್ತು ಅದು ಮುಗಿಯಲೇ ಇಲ್ಲ. ನರ್ಸು ಆಸ್ಪತ್ರೆಗೆ ಫೋನ್ ಮಾಡಿ ತಡವಾಗುತ್ತದೆಂದು ಹೇಳಿ, ನನ್ನ ಹಿಂದೆ ಸ್ಟೂಲು ಇಟ್ಟು, ಮೊಣಕೈ ಕೆಳಗೆ ಗೋಣಿಚೀಲ ಮಡಚಿಟ್ಟಳು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸುತ್ತಿಗೆ; ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. "ನಿಂಗೂ ನಿನ್ ಕಲ್ಲಿಗೂ" ಎಂದು ಮಾತ್ರ ಆಗಾಗ ಗೊಣಗುತ್ತಿದ್ದಳು.

ಡಾಕ್ಟರು ಬಂದವರು ನನ್ನ ಮುಖ ಕೂಡ ನೋಡಲಿಲ್ಲ, ನೇರ ಕಲ್ಲಿನ ಹತ್ತಿರ ಬಂದರು. ಕಿಂಡಿಯಲ್ಲಿ ನೋಡಿದರು, ಬಾಯಿಯಲ್ಲಿ ನೋಡಿದರು.

"ಎಳೀತಾನೇ ಇದ್ಯಾ?"

"ಇನ್ನೇನ್ ಮಾಡ್ಲಿ ಮೇಡಂ?"

"ಅದಕ್ಕೇ ಸಿಕ್ಕಿರೋದು. ಎಳೀಬೇಡ. ಒಳಗೆ ತಳ್ಳು."

"ಇನ್ನೂ ಒಳಗಾ?"

"ಒಳಗೆ ಜಾಗ ಇದೆಯೋ ಇಲ್ವೋ? ನೀನೇ ಮಾಡಿದ್ದಲ್ವಾ. ತಳ್ಳು. ಹ್ಞಾಂ, ಇನ್ನೂ. ಹೆದರಬೇಡ, ಉಸಿರು ಬಿಡು. ಉಸಿರು ಹಿಡಿದ್ರೆ ಕೈ ಗಟ್ಟಿಯಾಗುತ್ತೆ."

ಹೊರಗೆ ಬರಬೇಕೆಂದು ಇಡೀ ಮಧ್ಯಾಹ್ನ ಒದ್ದಾಡಿದ ಕೈಯನ್ನು ಇನ್ನೂ ಒಳಕ್ಕೆ ತಳ್ಳುವುದಿದೆಯಲ್ಲ, ಅದಕ್ಕೆ ಬೇಕಾದ ಧೈರ್ಯ ನನ್ನಲ್ಲಿರಲಿಲ್ಲ. ಅವರ ದನಿಗೆ ಹೆದರಿ ತಳ್ಳಿದೆ. ಮೊಣಕೈ ಹತ್ತಿರದವರೆಗೆ ಹೋಯಿತು. ಬಳೆಗಳು ಬಾಯಿ ಬಿಟ್ಟು ಸಡಿಲಾಗಿ, ವಿಶಾಲವಾದ ಜಾಗದಲ್ಲಿ ಗಲಗಲ ಎಂದವು. ಕೈಗೆ ರಕ್ತ ನುಗ್ಗಿ ಚುಚ್ಚತೊಡಗಿತು. ಆ ಚುಚ್ಚುವಿಕೆಗೇ ಅಳು ಬಂತು, ಅಷ್ಟು ಸಮಾಧಾನ ಅದರಲ್ಲಿ.

ಸ್ವಲ್ಪ ಹೊತ್ತು ಹಾಗೇ ಬಿಟ್ಟರು. ಆಮೇಲೆ ನರ್ಸಿನ ಚೀಲದಿಂದ ಬ್ಯಾಂಡೇಜ್ ಬಟ್ಟೆ ಹರಿಸಿ, ಕಿಂಡಿಯಿಂದ ಒಳಗೆ ಬಿಡಿಸಿ, ಮೊದಲ ಬಳೆಯ ಕೆಳಗೆ ತೂರಿಸಲು ಹೇಳಿದರು. ನರ್ಸಿನ ಬೆರಳು ಸಪೂರ. ಬಟ್ಟೆಯ ಎರಡೂ ತುದಿ ಅವಳು ಹಿಡಿದುಕೊಂಡಳು. ಮತ್ತೆ ಸೋಪಿನ ನೀರು. "ಈಗ ಹೆಬ್ಬೆರಳು ಒಳಗೆ ಮಡಚು. ನೀನು ಎಳೀಬೇಡ, ಕೈ ಹಾಗೇ ಹಿಂದಕ್ಕೆ ಬಿಡ್ತಾ ಬಾ. ಬಳೆ ಅವಳು ಹಿಡ್ಕೊಂಡಿರ್ತಾಳೆ." ಹೆಬ್ಬೆರಳ ಗಂಟಿನ ಹತ್ತಿರ ಪ್ರಾಣ ಹೋದಂತಾಯಿತು. ಬಳೆ ಜಾರಿತು. ನರ್ಸು ಬಳೆಯನ್ನು ಕಿಂಡಿಯಲ್ಲಿ ಅಡ್ಡಕ್ಕೆ ತಿರುಗಿಸಿ ಹೊರತೆಗೆದಳು, ಇಡಿಯಾಗಿ. ಮತ್ತೆ ಒಳಕ್ಕೆ ತಳ್ಳು, ಮತ್ತೆ ಬಟ್ಟೆ, ಮತ್ತೆ ಸೋಪು. ಎರಡನೆಯದು. ಮೂರನೆಯದು. ನಾಲ್ಕು ಬಳೆ ಗೋಣಿಚೀಲದ ಮೇಲೆ ಸಾಲಾಗಿ ಕೂತವು.

ಐದನೆಯದು ಕೈಯಿಂದ ಜಾರುವಾಗ ಬಟ್ಟೆಯಿಂದಲೂ ಜಾರಿತು. ಒಳಗೆ ಎಲ್ಲೋ ಟಣ್ ಎಂದಿತು.

ಕೈ ಹೊರಗೆ ಬಂತು. ಕೆಂಪಗೆ, ನೊರೆ ಮೆತ್ತಿಕೊಂಡು, ಊದಿಕೊಂಡು. ಡಾಕ್ಟರು ಬೆರಳು ಒಂದೊಂದನ್ನೇ ಒತ್ತಿ ನೋಡಿ ಏನೂ ಆಗಿಲ್ಲ ಎಂದರು. ನಾನು ಮೊದಲು ಹಿತ್ತಲ ಕಡೆ ಓಡಿದೆ, ಅದು ಬೇರೆ ಮಾತು. ಬಂದು ನೋಡಿದರೆ ನರ್ಸು ಟಾರ್ಚು ಹಿಡಿದು ಹುಡುಕುತ್ತಿದ್ದಳು. ಬಳೆ ಕಾಣಲಿಲ್ಲ. ಬಾಯಿಯ ಕೆಳಗೆ ಒಳಮಡಿಕೆಯೊಂದಿದೆ, ಅಲ್ಲಿಗೆ ಉರುಳಿತ್ತು. ಇಡಿಯಾಗಿದೆಯೋ ಚೂರಾಗಿದೆಯೋ ತಿಳಿಯುವಂತಿರಲಿಲ್ಲ.

"ನಿನ್ ಕೈ ಸಣ್ಣ, ಸ್ವಲ್ಪ ಹಾಕಿ ನೋಡೇ" ಎಂದೆ.

"ನಾನಾ? ಸಾಮಿ, ನಂಗೆ ಮನೇಲಿ ಮಕ್ಕಳಿದಾರೆ!" ಎಂದವಳೇ ಚೀಲ ಹೆಗಲಿಗೇರಿಸಿ ಡ್ಯೂಟಿಗೆ ಓಡಿದಳು. ಬಾಗಿಲಲ್ಲಿ ತಿರುಗಿ, "ನಾಳೆ ಸರಿಯಾದ ಟೈಮಿಗೆ ಬಡಿ" ಎಂದಳು.

ನಾವಿಬ್ಬರೇ ಉಳಿದೆವು. "ನಾನು ತೆಗೀತೀನಿ, ನನಗೇ ಅಂತ ಮಾಡಿದ್ದಲ್ವಾ" ಎಂದು ಡಾಕ್ಟರು ಸೀರೆಯ ಸೆರಗು ಸಿಕ್ಕಿಸಿಕೊಂಡು ಬಲಗೈ ಬಾಯಿಗೆ ಇಟ್ಟರು. ಬೆರಳುಗಳು ಹೋದವು. ಗಂಟುಗಳು ಹೋಗಲಿಲ್ಲ. ಹೆಬ್ಬೆರಳು ಮಡಚಲು ನೋಡಿದರು, ಅದು ಮಡಚಲೇ ಇಲ್ಲ. ಕೈ ತಿರುಗಿಸಿದರು. ಇನ್ನೊಮ್ಮೆ ನೋಡಿದರು. ಆಗ ನಾನು ಮೊದಲ ಸಲ ಆ ಕೈಯನ್ನು ಸರಿಯಾಗಿ ನೋಡಿದೆ. ಒಂದೊಂದು ಗಂಟೂ ಅಡಿಕೆಯಷ್ಟು ದಪ್ಪ, ಬೆರಳೆಲ್ಲ ಒಂದು ಬದಿಗೆ ವಾಲಿದ್ದವು.

"ಮೇಡಂ, ಆ ಬಳೆ ಯಾವಾಗಿಂದು?"

"ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಮ್ಮ ಮಾಡಿಸಿಕೊಟ್ಟಿದ್ದು. ಆಮೇಲೆ ನಾನು ಬಳೆ ಹಾಕ್ಲೇ ಇಲ್ಲ. ದಿನಾ ಮೊಣಕೈವರೆಗೆ ಕೈ ತೊಳ್ಕೊಳ್ಳೋ ಕೆಲಸ, ಬಳೆ ಎಲ್ಲಿಡೋದು? ಮನೇಲಿ ಇದ್ದಿದ್ದು ಅದೊಂದೇ."

"ಹಾಗಾದ್ರೆ ಅವತ್ತು ಬಂದಾಗಲೇ ಗೊತ್ತಿತ್ತು ನಿಮಗೆ."

"ಗೊತ್ತಾಯ್ತು. ಕೇಳ್ದೆನಲ್ಲ. ನೀನು ಒರಳುಕಲ್ಲು ಅಂದೆ." ಅವರು ನಕ್ಕರು. ಆಮೇಲೆ ನಗು ಬಿಟ್ಟು ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡರು. "ಇರ್ಲಿ ಬಿಡು. ಚೆನ್ನಾಗಿ ಬಂದಿದೆ. ಹೊರಗಿಂದಲೇ ಸವರ್ತೀನಿ. ಈ ಕೈ ಇನ್ನೇನ್ ಮಾಡಬೇಕಾಗಿದೆ."

ಸಂಜೆ ಬಿಸಿಲು ಕಿಟಕಿಯಿಂದ ಬಂದು ತುಟಿಯ ಮೇಲೆ ಬಿದ್ದಿತ್ತು. ಕೆನೆಬಣ್ಣ. ಇಡೀ ಮಧ್ಯಾಹ್ನ ನಾನು ಕೈಯನ್ನು ಪಣಕ್ಕಿಟ್ಟು ಉಳಿಸಿಕೊಂಡದ್ದು ಅದನ್ನೇ. ನನಗೆ ತುಂಬ ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಒಂದು ಸಲ ಕಣ್ಣು ತುಂಬ ನೋಡಿಕೊಂಡೆ. ಆಮೇಲೆ ಎಡಗೈಯಲ್ಲಿ ದಪ್ಪ ಅರ ತೆಗೆದುಕೊಂಡೆ.

"ಕೂತ್ಕೊಳ್ಳಿ ಮೇಡಂ."

"ಏಯ್, ಏನ್ ಮಾಡ್ತಿದ್ಯಾ? ಬೇಡ!"

"ಕೈ ಕೊಡಿ ಇಲ್ಲಿ. ಎಲ್ಲಿ ತಾಗುತ್ತೆ ತೋರಿಸಿ."

ತುಟಿಗೆ ಅರ ಇಟ್ಟೆ. ಮೊದಲ ಉಜ್ಜಿಗೇ ಆ ತೆಳು ಅಂಚು ಸಕ್ಕರೆಯಂತೆ ಪುಡಿಯಾಯಿತು. ಇನ್ನು ಹಿಂದೆ ಹೋಗುವ ಮಾತೇ ಇರಲಿಲ್ಲ, ಒಂಥರಾ ಹಗುರವಾಯಿತು. ಎಡಗೈ ಹೇಳಿದ ಮಾತು ಕೇಳದು. ನಾಲ್ಕು ಉಜ್ಜು ಸರಿ ಹೋದರೆ ಎರಡು ವಕ್ರ. ನಾನು ಉಜ್ಜುವುದು, ಅವರು ಕೈ ಇಟ್ಟು ನೋಡುವುದು. "ಇಲ್ಲಿ." ಮತ್ತೆ ಉಜ್ಜುವುದು. "ಇಲ್ಲಿ ಸ್ವಲ್ಪ, ಕಿರುಬೆರಳ ಹತ್ರ." ಬಳೆಯಿಲ್ಲ, ಕಾಗದವಿಲ್ಲ, ಆ ಕೈಯೇ ಅಳತೆ. ಮಡಚಲಾಗದ ಹೆಬ್ಬೆರಳಿಗೆ ಬೇರೆಯೇ ಒಂದು ತಗ್ಗು ಬೇಕಾಯಿತು. ಬಾಯಿ ಸೊಟ್ಟಗಾಯಿತು. ಭುಜದಿಂದ ಇಳಿದು ಬಂದ ಗೆರೆ ಅಲ್ಲಿಗೆ ಬಂದು ಮುರಿದು, ದಪ್ಪ ಅಂಚಾಗಿ ನಿಂತಿತು. ಚೆನ್ನಾಗಿರಲಿಲ್ಲ. ಇವತ್ತು ನೋಡಿದರೂ ಚೆನ್ನಾಗಿಲ್ಲ.

ಬೆಳಕು ಇಳಿದು ನಾನು ಬಲ್ಬು ಹಾಕುವ ಹೊತ್ತಿಗೆ ಗಂಟುಗಳು ಒಳಗೆ ಹೋದವು. ಆಮೇಲೆ ಮಣಿಕಟ್ಟು.

ಡಾಕ್ಟರು ಒಳಗೆ ನೋಡಲಿಲ್ಲ. ಮುಖವನ್ನು ಪೂರ್ತಿ ಆಚೆ ತಿರುಗಿಸಿ, ಹೆರಿಗೆ ಕೋಣೆಯಲ್ಲಿ ಕೈಯಿಂದಲೇ ನೋಡಿ ಅಭ್ಯಾಸವಾದವರ ಹಾಗೆ, ಬಾಗಿಲ ಕಡೆ ಎಲ್ಲೋ ದೃಷ್ಟಿ ನೆಟ್ಟು ನಿಂತರು. ನಾನು ಏನೋ ಹೇಳಲು ಹೋದೆ. "ಶ್, ಇರು" ಎಂದರು. ಮೊಣಕೈ ನಿಧಾನವಾಗಿ ತಿರುಗಿತು, ನಿಂತಿತು, ಮತ್ತೆ ಸ್ವಲ್ಪ ತಿರುಗಿತು. ಶಕುನ ನಂಬದವಳು ನಾನು, ಆದರೂ ತಂಗಿಯ ಮುಖ ಬಿಟ್ಟು ಬೇರೇನೂ ಕಣ್ಣ ಮುಂದೆ ಇರಲಿಲ್ಲ.

ಕೈ ಹೊರಗೆ ಬಂತು. ಸೊಟ್ಟ ಬೆರಳುಗಳ ಮಧ್ಯೆ ಹಸಿರು ಬಳೆ. ಬಲ್ಬಿನ ಬೆಳಕಿಗೆ ಹಿಡಿದು, ಸುತ್ತಲೂ ಬೆರಳಾಡಿಸಿ, ಸೆರಗಿನಲ್ಲಿ ಒರೆಸಿ ನನ್ನ ಅಂಗೈಯಲ್ಲಿಟ್ಟರು.

"ಇಗೋ. ಏನೂ ಆಗಿಲ್ಲ, ಚೆನ್ನಾಗಿದೆ. ತಂಗಿಗೆ ಎಷ್ಟು ತಿಂಗಳು ಅಂದೆ?"

"ಏಳು ಮೇಡಂ."

"ಹ್ಞೂಂ" ಎಂದು ಅವರು ತಿರುಗಿ, ಕೈಯನ್ನು ಮತ್ತೆ ಕಲ್ಲಿನೊಳಗೆ ಇಟ್ಟರು.

"ಬಳೆ ಸಿಕ್ತಲ್ಲ ಮೇಡಂ. ಇನ್ನೇನೂ ಇಲ್ಲ ಒಳಗೆ."

"ಸುಮ್ನಿರು ಮಾರಾಯ್ತಿ" ಎಂದರು, ಬಾಗಿಲ ಕಡೆಯೇ ನೋಡುತ್ತಾ.